ಮೈಲುಗಳ ನಾಣ್ಯ, ಗೋವರ್ಧನದ ಕಹಾಪಣ

ಸಾತಪುರದ ಕೈಗಾರಿಕಾ ವಸಾಹತಿನ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಊರಿನ ದಾರಿಯೆಂದರೆ ಬಹುಕಾಲ ಮನಮಾಡ್ ಆಗಿತ್ತು. ದೆಹಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ನಾಸಿಕವನ್ನು ಮುಟ್ಟುವುದಿಲ್ಲ. ಭುಸಾವಳದಿಂದ ಮನಮಾಡಿಗೆ ಬಂದು ಅಲ್ಲಿಂದಲೇ ಅಹಮದನಗರ, ದೌಂಡ್, ಸೊಲ್ಲಾಪುರಗಳತ್ತ ತಿರುಗಿಬಿಡುತ್ತದೆ. ಆದ್ದರಿಂದ ಗಂಟುಮೂಟೆ ಹೊತ್ತು ಮೊದಲು ಮನಮಾಡಿಗೆ ಹೋಗಬೇಕು, ಅಲ್ಲಿ ಕಾಯಬೇಕು, ಹತ್ತಿದ ಮೇಲೆ ಕಲಬುರಗಿಯ ಫಲಕದಲ್ಲಿ ಕನ್ನಡದ ಅಕ್ಷರ ಕಾಣುವ ತನಕ ನಿದ್ದೆಯನ್ನು ತಡೆಯಬೇಕು. ಓಝರ್ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನ ದೊರೆಯುವಂತಾದ ಮೇಲೆ ನಮ್ಮವರ ಕೂಟಗಳ ಮಾತೇ ಬದಲಾಗಿದೆ. ಹಿಂದೆ ತತ್ಕಾಲ್ ಟಿಕೆಟಿನ ಸಾಹಸಗಳನ್ನು ಹೇಳಿಕೊಳ್ಳುತ್ತಿದ್ದವರು ಈಗ ಪಾಯಿಂಟುಗಳ ಲೆಕ್ಕ ಹೇಳುತ್ತಾರೆ. ಯಾವ ಬ್ಯಾಂಕಿನ ಕಾರ್ಡಿಗೆ ಎಷ್ಟು, ಯಾವ ತಿಂಗಳೊಳಗೆ ಬಳಸದಿದ್ದರೆ ಎಷ್ಟು ಮುಳುಗುತ್ತದೆ, ಯುಗಾದಿಗೆ ಹೋಗಲು ಸಾಕಾಗುತ್ತದೆಯೆ ಇತ್ಯಾದಿ.

ಈ ಮಾತುಗಳನ್ನು ಕೇಳುತ್ತ ನಮಗೊಂದು ಪ್ರಶ್ನೆ ಹುಟ್ಟಿತು. ಕೂಡಿಡಬಹುದಾದ, ಕೊಟ್ಟು ಸರಕನ್ನು ಪಡೆಯಬಹುದಾದ, ಮೌಲ್ಯ ಏರಿಳಿಯುವ ಈ ವಸ್ತು ಒಂದು ಬಗೆಯ ನಾಣ್ಯವೇ ಅಲ್ಲವೆ? ನಾಣ್ಯವಾದರೆ ಅದರ ಹಿಂದೆ ನಿಂತು ಮಾತು ಕೊಟ್ಟವರು ಯಾರು? ಪ್ರಶ್ನೆ ಇಂಥ ಊರಿನಲ್ಲಿ ಹುಟ್ಟಿದ್ದು ಸಹಜ. ನಾಸಿಕ್ ರೋಡಿನ ಕರೆನ್ಸಿ ನೋಟ್ ಮುದ್ರಣಾಲಯ 1928ರಿಂದ ದೇಶಕ್ಕೆ ನೋಟು ಅಚ್ಚುಮಾಡುತ್ತ ಬಂದಿದೆ. ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯೊಡನೆ, ಅದನ್ನು ತಂದವರಿಗೆ ಇಂತಿಷ್ಟು ರೂಪಾಯಿ ಕೊಡುವೆನೆಂಬ ವಚನವಿರುತ್ತದೆ. ಹಿಂಬದಿಯ ಭಾಷಾಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಕೆಳಗೆ ನಾಲ್ಕನೆಯ ಸಾಲು ನಮ್ಮದು. ಪರನಾಡಿನಲ್ಲಿದ್ದೇವೆಂದು ಕೊರಗುವ ಗೆಳೆಯರಿಗೆ, ಈ ಊರಿನಲ್ಲಿ ದಿನವೂ ಅಚ್ಚಾಗುವಷ್ಟು ಕನ್ನಡ ಬೇರೆಲ್ಲೂ ಅಚ್ಚಾಗಲಾರದು ಎಂದು ನಾವು ತಮಾಷೆ ಮಾಡುವುದುಂಟು. ವಿಮಾನದ ಪಾಯಿಂಟಿಗೆ ಇಂಥ ಸಹಿಯಿಲ್ಲ, ವಚನವಿಲ್ಲ. ಅದರ ಚರಿತ್ರೆ ತಿಳಿಯಬೇಕಾದರೆ ಮೊದಲು ಅಮೆರಿಕಕ್ಕೆ ಹೋಗಬೇಕು.

1978ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ವಿಮಾನಯಾನದ ಮೇಲಿನ ಸರಕಾರಿ ನಿಯಂತ್ರಣವನ್ನು ಕಾಯ್ದೆಯ ಮೂಲಕ ಸಡಿಲಿಸಿತು. ಅದುವರೆಗೆ ಯಾವ ಕಂಪನಿ ಯಾವ ಮಾರ್ಗದಲ್ಲಿ ಎಷ್ಟು ದರಕ್ಕೆ ಹಾರಬೇಕೆಂಬುದನ್ನು ಸರಕಾರವೇ ಗೊತ್ತುಮಾಡುತ್ತಿತ್ತು. ಕಟ್ಟು ಬಿಚ್ಚಿದೊಡನೆ ದರಗಳ ಜಗಳ ತೊಡಗಿತು. ಹತ್ತು ಡಾಲರ್ ಕಡಿಮೆಗೆ ಸಿಕ್ಕರೆ ಪ್ರಯಾಣಿಕ ಇನ್ನೊಂದು ಕಂಪನಿಗೆ ಹೋಗುತ್ತಾನೆ. ಅವನನ್ನು ಹಿಡಿದಿಡುವುದು ಹೇಗೆ? ಅಮೆರಿಕನ್ ಏರ್‌ಲೈನ್ಸ್ ತನ್ನ ಸೇಬರ್ ಎಂಬ ಟಿಕೆಟ್ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ದೂರವಾಣಿ ಸಂಖ್ಯೆಗಳನ್ನು ಹೆಕ್ಕಿ ತೆಗೆದು, ಪದೇಪದೇ ಹಾರುವವರು ಯಾರೆಂದು ಪತ್ತೆಮಾಡಿತು. 1981ರ ಮೇ 1ರಂದು ಅವರಿಗಾಗಿ ಅಡ್ವಾಂಟೇಜ್ ಎಂಬ ಯೋಜನೆಯನ್ನು ತೆರೆಯಿತು. ಹಾರಿದ ಪ್ರತಿ ಮೈಲಿಯೂ ಲೆಕ್ಕಕ್ಕೆ ಬರುತ್ತದೆ, ಇಷ್ಟು ಮೈಲಿ ಸೇರಿದರೆ ಒಂದು ಟಿಕೆಟ್ ಉಚಿತ. ಇದಕ್ಕೆ ಮುಂಚೆ 1979ರಲ್ಲಿಯೇ ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಇಂಥದೊಂದನ್ನು ಪ್ರಯತ್ನಿಸಿತ್ತು. ಅಮೆರಿಕನ್ನಿನ ಹಿಂದೆಯೇ, ಅದೇ ತಿಂಗಳಲ್ಲಿ, ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ತೆರೆಯಿತು. ಖಾಲಿ ಹೋಗಲಿದ್ದ ಆಸನವನ್ನು ಕೊಡುವುದರಿಂದ ಕಂಪನಿಗೆ ಹೆಚ್ಚು ಖರ್ಚಿಲ್ಲ. ಪಡೆಯುವವನಿಗೆ ಅದು ಪೂರ್ತಿ ಬೆಲೆಯ ಟಿಕೆಟ್. ಯೋಜನೆಯ ಜಾಣತನವೆಲ್ಲ ಈ ಅಂತರದಲ್ಲಿದೆ.

ಭಾರತದ ಕಥೆಯೂ ಇದೇ ಹಾದಿಯಲ್ಲಿ, ಒಂದೂವರೆ ದಶಕ ತಡವಾಗಿ ನಡೆಯಿತು. 1953ರ ಕಾಯ್ದೆಯಿಂದ ವಿಮಾನಯಾನ ಸರಕಾರದ ಸ್ವತ್ತಾಗಿತ್ತು. ಒಳನಾಡಿನಲ್ಲಿ ಹಾರಬೇಕಾದರೆ ಇಂಡಿಯನ್ ಏರ್‌ಲೈನ್ಸ್ ಒಂದೇ ಗತಿ. ಬೇರೆ ಮನೆಯೇ ಇಲ್ಲದಾಗ ಒಂದೇ ಮನೆಗೆ ನಿಷ್ಠರಾಗಿರೆಂದು ಯಾರನ್ನೂ ಓಲೈಸಬೇಕಾಗಿಲ್ಲ. 1993ರಲ್ಲಿ ಜೆಟ್ ಏರ್‌ವೇಸ್ ಹಾರತೊಡಗಿತು, ಮರುವರ್ಷ ಹಳೆಯ ಕಾಯ್ದೆ ರದ್ದಾಯಿತು. ಪೈಪೋಟಿ ಬಂದೊಡನೆ ಓಲೈಕೆಯೂ ಬಂದಿತು. ಸರಕಾರಿ ಸಂಸ್ಥೆಗಳ ಫ್ಲೈಯಿಂಗ್ ರಿಟರ್ನ್ಸ್, ಜೆಟ್‌ನ ಜೆಟ್ ಪ್ರಿವಿಲೇಜ್ ಎರಡೂ ತೊಂಬತ್ತರ ದಶಕದ ಕೂಸುಗಳು.

ಮೊದಮೊದಲು ಲೆಕ್ಕ ಸರಳವಾಗಿತ್ತು. ಎಷ್ಟು ದೂರವೋ ಅಷ್ಟು ಮೈಲು. ಈಗ ಹೆಸರಿನಲ್ಲಿ ಮೈಲು ಉಳಿದಿದ್ದರೂ ದೂರಕ್ಕೂ ಅದಕ್ಕೂ ಸಂಬಂಧ ಕಡಿದುಹೋಗಿದೆ. ಡೆಲ್ಟಾ 2015ರಲ್ಲಿ, ಅಮೆರಿಕನ್ 2016ರಲ್ಲಿ ದೂರದ ಅಳತೆಯನ್ನು ಬಿಟ್ಟು ಟಿಕೆಟಿಗೆ ಕೊಟ್ಟ ಹಣದ ಮೇಲೆ ಪಾಯಿಂಟು ಕೊಡತೊಡಗಿದವು. ಇಲ್ಲಿಯೂ ಅದೇ ರೂಢಿ ಬಂದಿದೆ. ಕಡಿಮೆ ಬೆಲೆಯ ಟಿಕೆಟಿನಲ್ಲಿ ದೂರ ಹೋದವನಿಗಿಂತ ದುಬಾರಿ ಟಿಕೆಟಿನಲ್ಲಿ ಹತ್ತಿರ ಹೋದವನಿಗೆ ಹೆಚ್ಚು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಹಾರದೆಯೇ ಗಳಿಸುವ ದಾರಿ. ವಿಮಾನ ಕಂಪನಿ ತನ್ನ ಪಾಯಿಂಟುಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರುತ್ತದೆ. ಬ್ಯಾಂಕು ಅವನ್ನು ಕಾರ್ಡುದಾರರಿಗೆ ಹಂಚುತ್ತದೆ. ನಾವು ದಿನಸಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಬೆಂಗಳೂರಿನತ್ತ ಒಂದೆರಡು ಮಾರು ಮುಂದೆ ಹೋದೆವೆಂದು ಭಾವಿಸುತ್ತೇವೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬರು ಆಹಾರ ಕಂಪನಿಯೊಂದರ ಕೊಡುಗೆಯ ಷರತ್ತುಗಳನ್ನು ಎಚ್ಚರದಿಂದ ಓದಿ, ಸುಮಾರು 3,140 ಡಾಲರಿಗೆ 12,150 ಲೋಟ ಪುಡಿಂಗ್ ಕೊಂಡು ಹನ್ನೆರಡೂವರೆ ಲಕ್ಷ ಮೈಲು ಗಳಿಸಿದ್ದು ಈ ವಿದ್ಯೆಯ ಪುರಾಣಕಥೆ. ಅಷ್ಟು ಪುಡಿಂಗನ್ನು ತಿನ್ನುವವರಾರು? ದಾನಕೊಟ್ಟು ಅದಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದರಂತೆ.

ಬಳಸುವ ಹಾದಿಯಾದರೋ ಗಳಿಸುವ ಹಾದಿಯಷ್ಟು ಅಗಲವಾಗಿಲ್ಲ. ಹಬ್ಬದ ದಿನಗಳಲ್ಲಿ ಪಾಯಿಂಟಿಗೆ ದೊರೆಯುವ ಆಸನ ವಿರಳ. ಉಚಿತವೆಂದ ಟಿಕೆಟಿಗೂ ತೆರಿಗೆ, ಶುಲ್ಕಗಳನ್ನು ನಗದಾಗಿಯೇ ಕೊಡಬೇಕು. ನಿನ್ನೆ ಇಷ್ಟು ಪಾಯಿಂಟಿಗೆ ದೊರೆಯುತ್ತಿದ್ದದ್ದು ಇಂದು ಅದರ ಒಂದೂವರೆ ಪಟ್ಟು ಕೇಳಬಹುದು. ಯೋಜನೆಯನ್ನು ಯಾವಾಗ ಬೇಕಾದರೂ ಬದಲಿಸುವ, ನಿಲ್ಲಿಸುವ ಹಕ್ಕು ಕಂಪನಿಯದೆಂಬುದು ಎಲ್ಲ ಷರತ್ತುಪತ್ರಗಳ ಸಾಮಾನ್ಯ ಮಾತು. ಅಮೆರಿಕದಲ್ಲಿ ಒಬ್ಬ ಯೆಹೂದಿ ಧರ್ಮಗುರುವಿನ ಸದಸ್ಯತ್ವವನ್ನು, ಅವರು ಅತಿಯಾಗಿ ದೂರು ಕೊಡುತ್ತಾರೆಂಬ ಕಾರಣಕ್ಕೆ, ನಾರ್ತ್‌ವೆಸ್ಟ್ ಕಂಪನಿ ರದ್ದುಮಾಡಿತು. ಕಂಪನಿ ಸದ್ಭಾವದಿಂದ ನಡೆದುಕೊಳ್ಳಲಿಲ್ಲವೆಂಬ ಅವರ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು. ಆಧಾರವಾಗಿ ತೋರಿಸಿದ್ದು ಅದೇ 1978ರ ಕಾಯ್ದೆ. ಯಾವ ಕಾಯ್ದೆಯಿಂದ ಪಾಯಿಂಟು ಹುಟ್ಟಿತೋ ಅದೇ ಕಾಯ್ದೆ ಅದರ ಒಡೆಯನ ಬಾಯಿಯನ್ನೂ ಕಟ್ಟಿತು.

ನಮ್ಮ ನಾಡಿನಲ್ಲಿ ಈ ಚರಿತ್ರೆಯ ಮುಖ್ಯ ಅಧ್ಯಾಯ ಬೆಂಗಳೂರಿನದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆಯಿಂದ ಬಂದು, ಹಾಸನದ ಕಡೆ ರೇಷ್ಮೆ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಅವರ ತತ್ತ್ವದಲ್ಲಿ ಓಲೈಕೆಗೆ ಹೆಚ್ಚಿನ ಜಾಗವಿರಲಿಲ್ಲ. ಟಿಕೆಟೇ ಅಗ್ಗವಾದರೆ ಬಹುಮಾನವೇಕೆ? ಒಂದು ರೂಪಾಯಿಯ ಟಿಕೆಟಿನ ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತ್ತು. ಎರಡು ವರ್ಷದ ಮೇಲೆ, 2005ರ ಮೇ ತಿಂಗಳಿನಲ್ಲಿ, ಬೆಂಗಳೂರಿನದೇ ಆದ ಯುಬಿ ಸಮೂಹದ ಕಿಂಗ್‌ಫಿಷರ್ ಹಾರಿತು. ಇದು ತದ್ವಿರುದ್ಧವಾದ ತತ್ತ್ವ. ಪ್ರಯಾಣಿಕನನ್ನು ಅತಿಥಿಯೆಂದು ಕರೆದು, ಕಿಂಗ್ ಕ್ಲಬ್ ಎಂಬ ಯೋಜನೆಯಲ್ಲಿ ಪಾಯಿಂಟುಗಳನ್ನು ಕೊಟ್ಟಿತು. ಮುಂದೆ ಡೆಕ್ಕನ್ ಕಿಂಗ್‌ಫಿಷರಿನ ಪಾಲಾಗಿ, 2008ರಲ್ಲಿ ಅದರ ಹೆಸರೂ ಅಳಿಸಿತು. ಕಿಂಗ್‌ಫಿಷರ್ 2012ರ ಫೆಬ್ರವರಿ 10ರಂದು ಒನ್‌ವರ್ಲ್ಡ್ ಎಂಬ ಅಂತರರಾಷ್ಟ್ರೀಯ ಕೂಟವನ್ನು ಸೇರುವುದೆಂದು ಗೊತ್ತಾಗಿತ್ತು. ಸೇರಿದ್ದರೆ ಅದರ ಪಾಯಿಂಟಿನಲ್ಲಿ ಲಂಡನ್ನು, ಹಾಂಗ್‌ಕಾಂಗುಗಳಿಗೆ ಹೋಗಬಹುದಿತ್ತು. ಆ ದಿನಕ್ಕೆ ವಾರ ಉಳಿದಿರುವಾಗ ಕೂಟ ಅದನ್ನು ಮುಂದೂಡಿತು. ಅಕ್ಟೋಬರಿನಲ್ಲಿ ವಿಮಾನಗಳು ನೆಲಹಿಡಿದವು. ವರ್ಷದ ಕೊನೆಯ ದಿನ ಪರವಾನಗಿಯ ಅವಧಿ ಮುಗಿಯಿತು. ಸಂಬಳ ಬಾರದ ನೌಕರರು, ಸಾಲ ಕೊಟ್ಟ ಬ್ಯಾಂಕುಗಳು ಬೀದಿಗೂ ನ್ಯಾಯಾಲಯಕ್ಕೂ ಹೋದವು. ಪಾಯಿಂಟು ಕೂಡಿಟ್ಟವರು ಎಲ್ಲಿಗೂ ಹೋಗಲಿಲ್ಲ. ನೌಕರರ ಹಸಿವಿನ ಮುಂದೆ ಇದೊಂದು ದೊಡ್ಡ ನಷ್ಟವಲ್ಲವೆಂಬುದು ನಿಜ, ಆದರೆ ತಮ್ಮದೊಂದು ಸ್ವತ್ತಿದೆಯೆಂದು ನಂಬಿದವರ ಎಣಿಕೆ ಒಂದೇ ದಿನ ಸೊನ್ನೆಯಾದದ್ದೂ ನಿಜ.

ಗೋಪಿನಾಥರ ಹೆಸರು ನಮ್ಮ ನಾಸಿಕಕ್ಕೂ ಒಮ್ಮೆ ಬಂದಿತು. ಕೇಂದ್ರ ಸರಕಾರದ ಉಡಾನ್ ಯೋಜನೆಯಡಿ ಏರ್ ಡೆಕ್ಕನ್ ಮರುಹುಟ್ಟು ಪಡೆದು, 2017ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಜಳಗಾಂವ್, ನಾಸಿಕಗಳಿಗೆ ಹತ್ತೊಂಬತ್ತು ಆಸನಗಳ ಬೀಚ್‌ಕ್ರಾಫ್ಟ್ ವಿಮಾನ ಹಾರಿಸಿತು. ಮಿಗ್ ಯುದ್ಧವಿಮಾನಗಳು ತಯಾರಾದ ಓಝರಿನ ಹಾದಿಯಲ್ಲಿ ಆ ಪುಟ್ಟ ವಿಮಾನ! ಅದೂ ಬಹುಕಾಲ ಬಾಳಲಿಲ್ಲ. 2020ರ ಏಪ್ರಿಲಿನಲ್ಲಿ, ಕೋವಿಡ್ ದಿಗ್ಬಂಧನದ ನಡುವೆ, ಸಂಸ್ಥೆ ಹಾರಾಟ ನಿಲ್ಲಿಸಿತು. ಅದೇ ಬೇಸಗೆಯಲ್ಲಿ ಅಮೆರಿಕದ ಯುನೈಟೆಡ್ ಸಾಲಕ್ಕಾಗಿ ತನ್ನ ಮೈಲೇಜ್ ಪ್ಲಸ್ ಯೋಜನೆಯನ್ನೇ ಅಡವಿಟ್ಟಿತು. ಆಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್; ಇಡೀ ಕಂಪನಿಯ ಷೇರುಗಳ ಮಾರುಕಟ್ಟೆ ಬೆಲೆ ಅದಕ್ಕಿಂತ ಕಡಿಮೆಯಿತ್ತು. ವಿಮಾನಗಳಿಗಿಂತ ಅವುಗಳ ಪಾಯಿಂಟಿಗೆ ಬೆಲೆ ಹೆಚ್ಚು ಎಂಬ ಸಂಗತಿ ಲೋಕಕ್ಕೆ ತಿಳಿದದ್ದು ವಿಮಾನಗಳು ಹಾರದಿದ್ದಾಗ.

ಎಲ್ಲ ಪಾಯಿಂಟುಗಳೂ ಕಂಪನಿಯೊಡನೆ ಸಾಯುವುದಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಅದರ ಯೋಜನೆ ಬೇರೆಯೇ ಕಂಪನಿಯ ಹೆಸರಿನಲ್ಲಿದ್ದುದರಿಂದ ಉಳಿದುಕೊಂಡು, ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ ಕ್ಲಬ್ ವಿಸ್ತಾರಾದ ಪಾಯಿಂಟುಗಳು ಮಹಾರಾಜಾ ಕ್ಲಬ್ಬಿನ ಪಾಯಿಂಟುಗಳಾದವು. ಹದಿನೆಂಟು ವರ್ಷ ಇಂಥ ಯೋಜನೆಯೇ ಬೇಡವೆಂದಿದ್ದ ಇಂಡಿಗೊ ಅದೇ ವರ್ಷ ಬ್ಲೂಚಿಪ್ ಎಂಬುದನ್ನು ತಂದಿತು.

ಈ ಹೆಸರು ಬದಲಾವಣೆಗಳನ್ನು ಓದುವಾಗ ನಮಗೆ ನೆನಪಾದದ್ದು ಜೋಗಲ್ತೆಂಬಿಯ ನಾಣ್ಯಗಳು. ನಾಸಿಕಕ್ಕೆ ಸಮೀಪದ ಆ ಹಳ್ಳಿಯಲ್ಲಿ 1906ರಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷಹರಾತ ವಂಶದ ನಹಪಾನನವು. ಆದರೆ ಸುಮಾರು ಮೂರರಲ್ಲಿ ಎರಡು ಪಾಲು ನಾಣ್ಯಗಳ ಮೇಲೆ, ಅವನನ್ನು ಸೋಲಿಸಿದ ಗೌತಮೀಪುತ್ರ ಸಾತಕರ್ಣಿ ತನ್ನ ಮುದ್ರೆಯನ್ನು ಮರಳಿ ಒತ್ತಿಸಿದ್ದಾನೆ. ನಹಪಾನನ ಮುಖದ ಮೇಲೆಯೇ ಸಾತವಾಹನರ ಬೆಟ್ಟದ ಗುರುತು. ಅಡಿಯಲ್ಲಿ ಹಳೆಯ ಮೂಗು, ಕಿವಿ ಇನ್ನೂ ಕಾಣುತ್ತವೆ. ಕರಗಿಸಿ ಹೊಸದನ್ನು ಎರಕಹೊಯ್ಯುವ ಗೋಜಿಲ್ಲ, ಹಳೆಯದನ್ನು ಒಲ್ಲೆನೆಂದು ಜನರನ್ನು ಬಡವರನ್ನಾಗಿಸಲಿಲ್ಲ. ಬೆಳ್ಳಿ ಅದೇ, ಒಡೆಯ ಬೇರೆ. ಸಾತಪುರದ ಹೆಸರಿಗೂ ಸಾತಕರ್ಣಿಗೂ ನಂಟು ಕಟ್ಟುವ ಆಸೆ ನಮಗೂ ಆಗುವುದುಂಟು. ಕೇವಲ ಸದ್ದಿನ ಹೋಲಿಕೆಯಿಂದ ಚರಿತ್ರೆ ಬರೆಯಬಾರದೆಂದು ಸುಮ್ಮನಾಗುತ್ತೇವೆ. ಹಾಗೆಯೇ ಬೆಳ್ಳಿಗೂ ಪಾಯಿಂಟಿಗೂ ಇರುವ ಭೇದವನ್ನು ಮರೆಯಲಾಗದು. ಒಡೆಯ ಸೋತು ಮುದ್ರೆ ಅಳಿದರೂ ಬೆಳ್ಳಿಯ ತೂಕ ಕೈಯಲ್ಲಿ ಉಳಿಯುತ್ತದೆ.

ಹಾಗಾದರೆ ತೂಕವಿಲ್ಲದ, ಬರಿಯ ಮಾತಿನ ಮೇಲೆ ನಿಂತ ಸ್ವತ್ತು ಆ ಕಾಲದಲ್ಲಿ ಇರಲಿಲ್ಲವೆ? ಇತ್ತು, ಮತ್ತು ಅದರ ಕಾಗದಪತ್ರ ನಮ್ಮ ಮನೆಗೆ ದೂರವಲ್ಲದ ತ್ರಿರಶ್ಮಿ ಬೆಟ್ಟದಲ್ಲಿ, ಇಂದು ಪಾಂಡವಲೇಣಿ ಎನ್ನುವ ಬೌದ್ಧ ಗುಹೆಗಳಲ್ಲಿ, ಕಲ್ಲಿನ ಮೇಲಿದೆ. ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತ ಬರೆಸಿದ 42ನೆಯ ವರ್ಷದ ಶಾಸನ ಹೀಗೆ ಹೇಳುತ್ತದೆ. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳಿಗಾಗಿ ಅವನು ಮೂರು ಸಾವಿರ ಕಹಾಪಣಗಳನ್ನು ಅಕ್ಷಯನೀವಿಯಾಗಿ, ಎಂದರೆ ಎಂದಿಗೂ ಕರಗದ ಇಡುಗಂಟಾಗಿ ಕೊಟ್ಟನು. ಅದನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇರಿಸಲಾಯಿತು. ಒಂದರಲ್ಲಿ ಎರಡು ಸಾವಿರ, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ. ಇನ್ನೊಂದರಲ್ಲಿ ಸಾವಿರ, ನೂರಕ್ಕೆ ಮುಕ್ಕಾಲರ ಬಡ್ಡಿಗೆ. ಅಸಲನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನಷ್ಟೇ ಉಣ್ಣತಕ್ಕದ್ದು. ಮೊದಲನೆಯ ಬಡ್ಡಿಯಿಂದ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಹಾಪಣ ಬಟ್ಟೆಯ ಹಣ. ಲೆಕ್ಕ ಹಾಕಿ ನೋಡಿದೆವು. ಎರಡು ಸಾವಿರಕ್ಕೆ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ 240. ಇಪ್ಪತ್ತು ಭಿಕ್ಷುಗಳಿಗೆ ಹನ್ನೆರಡರಂತೆ 240. ಒಂದು ಕಾಸೂ ಆಚೀಚೆಯಿಲ್ಲ. ಕೊನೆಯಲ್ಲಿ, ಇದೆಲ್ಲವನ್ನೂ ನಗರದ ಸಭೆಯಲ್ಲಿ ಸಾರಿ, ರೂಢಿಯಂತೆ ಫಲಕಗಳಲ್ಲಿ ನೋಂದಾಯಿಸಲಾಗಿದೆ ಎಂಬ ಮಾತಿದೆ. ಸಾತಪುರದಿಂದ ಗಂಗಾಪುರದ ಕಡೆ ಹೋದರೆ ಸಿಗುವ ಗೋವರ್ಧನವೇ ಆ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ.

ನಹಪಾನ ಸೋತ ಮೇಲೆ ಆದದ್ದೇನೆಂಬುದೂ ಅಲ್ಲಿಯೇ ಇದೆ. ಮೂರನೆಯ ಗುಹೆಯಲ್ಲಿ ಗೌತಮೀಪುತ್ರನ 18ನೆಯ ವರ್ಷದ ಆಜ್ಞೆ. ಅದುವರೆಗೆ ಉಷವದಾತನ ಒಡೆತನದಲ್ಲಿದ್ದ ಇನ್ನೂರು ನಿವರ್ತನ ಹೊಲವನ್ನು ಹೊಸ ಅರಸು ಈ ಬೆಟ್ಟದ ಭಿಕ್ಷುಗಳಿಗೆ ಕೊಡುತ್ತಾನೆ. ಆರು ವರ್ಷದ ಮೇಲೆ, 24ನೆಯ ವರ್ಷದಲ್ಲಿ, ಅರಸನ ಮತ್ತು ಅವನ ತಾಯಿಯ ಹೆಸರಿನಲ್ಲಿ ಇನ್ನೊಂದು ಆಜ್ಞೆ ಗೋವರ್ಧನದ ಅಮಾತ್ಯ ಸಾಮಕನಿಗೆ ಹೋಗುತ್ತದೆ. ಹಿಂದೆ ಕೊಟ್ಟ ಹೊಲ ಸಾಗುವಳಿಯಾಗುತ್ತಿಲ್ಲ, ಆ ಹಳ್ಳಿಯಲ್ಲಿ ಜನವೂ ಇಲ್ಲ. ಆದ್ದರಿಂದ ನಗರದ ಅಂಚಿನ ನಮ್ಮ ಸ್ವಂತ ಹೊಲದಲ್ಲಿ ನೂರು ನಿವರ್ತನ ಕೊಡತಕ್ಕದ್ದು. ಎರಡು ಆಜ್ಞೆಗಳೂ ಹೇಳುವುದು ಒಂದೇ ಹೊಲವನ್ನೆಂದು ವಿದ್ವಾಂಸರು ಬಗೆಯುತ್ತಾರೆ. ಇನ್ನೂರು ನೂರಾಯಿತಲ್ಲ ಎಂದು ಪಾಯಿಂಟು ಎಣಿಸುವ ನಮ್ಮ ಗೆಳೆಯರು ಕೂಡಲೇ ಹಿಡಿಯುತ್ತಾರೆ. ಆಗಿರಬಹುದು. ಆದರೆ ಕೊಟ್ಟದ್ದು ಕೈಗೆ ಬರಲಿಲ್ಲವೆಂಬ ಭಿಕ್ಷುಗಳ ದೂರು ಅರಮನೆಯವರೆಗೆ ಹೋಗಿ, ಅರಸನೂ ರಾಜಮಾತೆಯೂ ತಪ್ಪನ್ನು ಒಪ್ಪಿ, ಬದಲಿ ಕೊಟ್ಟು, ಆ ಒಪ್ಪಿಗೆಯನ್ನು ಕಲ್ಲಿನಲ್ಲಿ ಕೊರೆಸಿದರು. ದೂರು ಹೆಚ್ಚಾಯಿತೆಂದು ಭಿಕ್ಷುಗಳ ಹೆಸರನ್ನು ತೆಗೆದುಹಾಕಲಿಲ್ಲ.

ಸಾಮಕನಂತೆ ಆಜ್ಞೆಗಳನ್ನು ಪಡೆಯುವವರು ನಾವು. ಪಾಯಿಂಟುಗಳ ವಿಷಯದಲ್ಲಿಯೂ ನಮಗೊಂದು ಆಜ್ಞೆಯಿದೆ. 2008ರಲ್ಲಿ ಆರನೆಯ ವೇತನ ಆಯೋಗದ ಬೆನ್ನಿಗೆ ಬಂದ ಪ್ರವಾಸ ಭತ್ಯೆಯ ಆದೇಶದಲ್ಲಿಯೂ, 2017ರ ಜುಲೈ 13ರ ಆದೇಶದಲ್ಲಿಯೂ ಹಣಕಾಸು ಸಚಿವಾಲಯ ಸ್ಪಷ್ಟವಾಗಿ ಹೇಳಿದೆ. ಸರಕಾರಿ ಪ್ರವಾಸದ ಟಿಕೆಟಿನಿಂದ ಬಂದ ಮೈಲುಗಳು ಇಲಾಖೆಯ ಇತರ ಸರಕಾರಿ ಪ್ರವಾಸಕ್ಕೇ ಬಳಕೆಯಾಗಬೇಕು. ಖಾಸಗಿ ಪ್ರಯಾಣಕ್ಕೆ ಬಳಸಿದರೆ ಇಲಾಖಾ ಕ್ರಮ. 2009ರಿಂದ 2021ರವರೆಗೆ ಸರಕಾರಿ ಪ್ರವಾಸವೆಲ್ಲ ಏರ್ ಇಂಡಿಯಾದಲ್ಲಿಯೇ ನಡೆಯಬೇಕಿದ್ದರಿಂದ ಹಲವರ ಹೆಸರಿನಲ್ಲಿ ಮೈಲುಗಳು ರಾಶಿಬಿದ್ದಿದ್ದವು. ನಿಯಮ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಹಣ ಕೊಟ್ಟವರು ಜನ. ತೊಡಕಿರುವುದು ಖಾತೆ ವ್ಯಕ್ತಿಯ ಹೆಸರಿನಲ್ಲಿ, ಸ್ವತ್ತು ಇಲಾಖೆಯದು ಎಂಬಲ್ಲಿ. ಜರ್ಮನಿಯಲ್ಲಿ 2002ರ ಬೇಸಗೆಯಲ್ಲಿ ಇದು ಹಗರಣವೇ ಆಯಿತು. ಕಚೇರಿಯ ಪ್ರಯಾಣದಲ್ಲಿ ಗಳಿಸಿದ ಮೈಲುಗಳನ್ನು ಸ್ವಂತಕ್ಕೆ ಬಳಸಿದ್ದಕ್ಕಾಗಿ ಬರ್ಲಿನ್ನಿನ ಸಚಿವ ಗ್ರೆಗೊರ್ ಗೀಸಿ ಹುದ್ದೆ ತೊರೆದರು, ಸಂಸದ ಚೆಮ್ ಒಜ್ದೆಮಿರ್ ಹಿಂದೆ ಸರಿದರು. ಅಮೆರಿಕ ಅದಕ್ಕೆ ಸ್ವಲ್ಪ ಮುಂಚೆ, 2001ರ ಡಿಸೆಂಬರಿನಲ್ಲಿ, ಬೇರೆ ದಾರಿ ಹಿಡಿದಿತ್ತು. ನೌಕರರೇ ಇಟ್ಟುಕೊಳ್ಳಲಿ ಎಂದು ಕಾಯ್ದೆ ಮಾಡಿತು. ನಾವಾದರೋ ಕಚೇರಿಯ ಟಿಕೆಟಿನಲ್ಲಿ ಸದಸ್ಯತ್ವ ಸಂಖ್ಯೆಯ ಜಾಗವನ್ನು ಖಾಲಿ ಬಿಡುತ್ತೇವೆ.

ನಮ್ಮ ಸ್ವಂತ ಹಣದ ಪ್ರಯಾಣಗಳಿಂದ, ಕಾರ್ಡಿನ ಖರ್ಚಿನಿಂದ ಕೂಡಿಟ್ಟ ಪಾಯಿಂಟುಗಳು ಒಂದು ಕಂಪನಿಯಲ್ಲಿದ್ದವು. ಊರಿನಲ್ಲಿರುವ ತಾಯಿಯವರನ್ನು ಒಮ್ಮೆ ವಿಮಾನದಲ್ಲಿ ಕರೆಸಿಕೊಳ್ಳಬೇಕೆಂದು ಅವನ್ನು ಮುಟ್ಟದೆ ಇಟ್ಟಿದ್ದೆವು. ಇನ್ನೂ ಸ್ವಲ್ಪ ಸೇರಲಿ, ಚಳಿಗಾಲ ಕಳೆಯಲಿ, ಮೊಮ್ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತ ಹೋದೆವು. ಒಂದು ರಾತ್ರಿ ಟಿಕೆಟ್ ಹುಡುಕಲು ಕುಳಿತಾಗ ಖಾತೆಯಲ್ಲಿ ಉಳಿದದ್ದು ಸೊನ್ನೆ. ಅವಧಿ ಮೀರಿತ್ತು, ಎಚ್ಚರಿಸಿದ ಪತ್ರ ನಾವು ಬಿಟ್ಟುಬಿಟ್ಟಿದ್ದ ಹಳೆಯ ಮಿಂಚಂಚೆಯ ವಿಳಾಸಕ್ಕೆ ಹೋಗಿತ್ತು. ಷರತ್ತಿನ ಪ್ರಕಾರ ತಪ್ಪು ನಮ್ಮದೇ. ಬರೆದು ಕೇಳಿದ್ದಕ್ಕೆ, ತಮ್ಮ ಸಂದೇಶ ನಮಗೆ ಅಮೂಲ್ಯ ಎಂಬ ಉತ್ತರ ಎರಡು ಬಾರಿ ಬಂದಿತು.

ಆ ವರ್ಷ ತಾಯಿಯವರು ಎಂದಿನಂತೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿಯೇ ಬಂದರು. ಮನಮಾಡಿನ ಪ್ಲಾಟ್‌ಫಾರಮ್ಮಿನಲ್ಲಿ ಹುರಿಹಿಟ್ಟಿನ ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟು, ನಾವು ವಿಮಾನದ ಸಂಗತಿ ಹೇಳಿ ಬೇಸರಪಟ್ಟುಕೊಂಡಾಗ, "ಹೋಗಲಿ ಬಿಡಪ್ಪ, ರೈಲಿನಲ್ಲಾದರೆ ಕಾಲು ಮಡಚಿ ಕೂರಬಹುದು" ಎಂದರು. ಪಾಂಡವಲೇಣಿಯನ್ನು ತೋರಿಸಲು ಕರೆದೊಯ್ದೆವು. ಅರ್ಧ ಮೆಟ್ಟಿಲು ಹತ್ತಿ ಕುಳಿತುಬಿಟ್ಟರು. ಶಾಸನದ ಸಂಗತಿಯನ್ನು ಅಲ್ಲಿಯೇ ಹೇಳಿದಾಗ, ಆ ನೇಕಾರರು ಬಡ್ಡಿಯನ್ನು ಎಷ್ಟು ವರ್ಷ ಕೊಟ್ಟರೆಂದು ಕೇಳಿದರು. ಕಲ್ಲಿನಲ್ಲಿ ಅದು ಬರೆದಿಲ್ಲ.

ಈಗ ಓಝರಿನಿಂದ ಬೆಂಗಳೂರಿಗೆ ಹೋಗುವಾಗ ನಾವು ಮತ್ತೆ ಸದಸ್ಯತ್ವ ಸಂಖ್ಯೆಯನ್ನು ತುಂಬುತ್ತಿದ್ದೇವೆ, ಪಾಯಿಂಟು ಸೇರಿದೊಡನೆ ಮುಂದಿನ ಟಿಕೆಟಿಗೇ ಕಳೆದುಬಿಡುತ್ತೇವೆ. ತಾಯಿಯವರು ಈಗ ದೂರದ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ, ಹೋಗಿಬರುವುದೆಲ್ಲ ನಮ್ಮದೇ.